ನಂಬಿಕೆಗೆ ಹೊಣೆ ಯಾರು?

ಶತ್ರುವನ್ನು ಶಂಕಿಸುವುದು ವಿವೇಕವೆನಿಸುತ್ತದೆ; ಮಿತ್ರನನ್ನು ಶಂಕಿಸಿದರೆ ಕೃತಘ್ನತೆಯೆಂಬ ಅಪವಾದ ಬರುತ್ತದೆ. ಆದರೆ ಬಲಾಢ್ಯನಾದ ಮಿತ್ರನು ನಮ್ಮನ್ನು ಹೊರಗಿರಿಸಿ, ನಮ್ಮ ಅಳಿವು ಉಳಿವುಗಳನ್ನು ಕುರಿತು ನಮ್ಮ ಶತ್ರುವಿನೊಡನೆ ಮಾತನಾಡುತ್ತಿರುವಾಗ ಸಂಶಯ ತಾಳುವುದು ದೋಷವೇ? ಈಗ ಭೂಪಟದಲ್ಲಿಲ್ಲದ ದಕ್ಷಿಣ ವಿಯೆಟ್ನಾಂ ದೇಶದ ಕೊನೆಯ ವರ್ಷಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

ಕಮ್ಯುನಿಸ್ಟ್ ಆಡಳಿತದ ಉತ್ತರ ವಿಯೆಟ್ನಾಮಿನೊಡನೆ ಯುದ್ಧದಲ್ಲಿದ್ದ ಆ ದೇಶವು ಅಮೆರಿಕದ ಸೈನ್ಯ ಹಾಗೂ ಧನಬಲದ ಆಸರೆಯಲ್ಲಿ ನಿಂತಿತ್ತು. ೧೯೭೨ರ ಅಕ್ಟೋಬರಿನಲ್ಲಿ ಅಮೆರಿಕದ ಹೆನ್ರಿ ಕಿಸಿಂಜರ್ ಮತ್ತು ಉತ್ತರದ ಲೆ ಡಕ್ ಥೋ ಪ್ಯಾರಿಸ್ಸಿನಲ್ಲಿ ರಹಸ್ಯ ಸಂಧಾನ ನಡೆಸಿ ಒಪ್ಪಂದದ ಕರಡನ್ನು ಸಿದ್ಧಪಡಿಸಿದರು. ಕಿಸಿಂಜರ್ ಅದನ್ನು ಸೈಗಾನಿಗೆ ತಂದಾಗ ಅಧ್ಯಕ್ಷ ಥಿಯು ಒಪ್ಪಲಿಲ್ಲ. ಅಮೆರಿಕದ ಸೈನಿಕರು ಮರಳಿ ಹೋಗಬೇಕು. ದಕ್ಷಿಣದ ನೆಲದಲ್ಲಿದ್ದ ಉತ್ತರದ ಸೈನಿಕರು ಮಾತ್ರ ಅಲ್ಲಿಯೇ ಉಳಿಯಬಹುದು. ಥಿಯು ಅವರ ಆಕ್ಷೇಪದ ತಿರುಳು ಇದೇ.

ಥಿಯು ನಿಷ್ಕಳಂಕರೇನೂ ಅಲ್ಲ. ೧೯೬೮ರಲ್ಲಿ ಅಮೆರಿಕದ ಚುನಾವಣೆಗೆ ಕೆಲವೇ ದಿನಗಳ ಮುಂಚೆ, ನಿಕ್ಸನ್ ಗೆದ್ದರೆ ಅನುಕೂಲವಾದೀತೆಂಬ ಎಣಿಕೆಯಿಂದ, ಅವರು ಪ್ಯಾರಿಸ್ ಮಾತುಕತೆಗೆ ಬರಲು ನಿರಾಕರಿಸಿದ್ದರು. ೫೮,೦೦೦ಕ್ಕೂ ಮಿಕ್ಕು ಸೈನಿಕರನ್ನು ಆ ಯುದ್ಧದಲ್ಲಿ ಕಳೆದುಕೊಂಡ ಅಮೆರಿಕದ ಜನತೆ ಬಳಲಿದ್ದುದೂ ಸಹಜವೇ. ದೂರದ ಯುದ್ಧದಿಂದ ಹಿಂದೆ ಸರಿಯುವುದು ಸ್ವತಃ ಅಧರ್ಮವಲ್ಲ. ಅಧರ್ಮ ನುಸುಳಿದ್ದು ಬೇರೆ ಬಾಗಿಲಿನಿಂದ.

ಥಿಯು ಅವರನ್ನು ಒಪ್ಪಿಸಲು ಅಧ್ಯಕ್ಷ ನಿಕ್ಸನ್ ಗೋಪ್ಯ ಪತ್ರಗಳನ್ನು ಬರೆದರು. ಒಪ್ಪಂದವನ್ನು ಉತ್ತರವು ಮುರಿದರೆ ಅಮೆರಿಕ ಪೂರ್ಣಬಲದಿಂದ ಪ್ರತಿಕ್ರಿಯಿಸುವುದೆಂದು ೧೯೭೩ರ ಜನವರಿ ೫ರ ಪತ್ರ ಭರವಸೆಯಿತ್ತಿತು. ಜೊತೆಗೆ, ಥಿಯು ಒಪ್ಪದಿದ್ದರೆ ಅಮೆರಿಕ ಒಂಟಿಯಾಗಿಯೇ ಸಹಿ ಹಾಕುವುದೆಂಬ ಬೆದರಿಕೆಯೂ ಬಂದಿತು. ಜನವರಿ ೨೭ರಂದು ಒಪ್ಪಂದಕ್ಕೆ ಸಹಿಯಾಯಿತು. ಆದರೆ ಆ ವಚನ ಅಮೆರಿಕದ ಸಂಸತ್ತಿಗೆ ತಿಳಿದಿರಲಿಲ್ಲ. ಅದೇ ವರ್ಷ ಆಗಸ್ಟ್ ೧೫ರಿಂದ ಇಂಡೋಚೀನಾದಲ್ಲಿ ಯುದ್ಧಕಾರ್ಯಕ್ಕೆ ಹಣ ವ್ಯಯಿಸದಂತೆ ಸಂಸತ್ತು ನಿರ್ಬಂಧ ವಿಧಿಸಿತು. ೧೯೭೪ರ ಆಗಸ್ಟಿನಲ್ಲಿ ನಿಕ್ಸನ್ ಪದವಿ ತ್ಯಜಿಸಿದರು. ೧೯೭೫ರ ಏಪ್ರಿಲ್ ೩೦ರಂದು ಸೈಗಾನ್ ಪತನವಾಯಿತು. ಅನಂತರ ಲಕ್ಷಾಂತರ ಜನರು ದೋಣಿಗಳಲ್ಲಿ ಸಮುದ್ರಕ್ಕಿಳಿದು ದೇಶ ಬಿಟ್ಟರು. ಎಷ್ಟೋ ಜನ ದಡ ಕಾಣಲಿಲ್ಲ.

ನಿಕ್ಸನ್ ಬರೆದದ್ದು ಸುಳ್ಳೇ? ಬರೆಯುವಾಗ ಅವರ ಮನಸ್ಸಿನಲ್ಲಿ ಸತ್ಯವೇ ಇದ್ದಿರಬಹುದು. ಆದರೆ ವಚನಕ್ಕೆ ಸಂಕಲ್ಪವೊಂದೇ ಸಾಲದು, ಅಧಿಕಾರವೂ ಬೇಕು. ಧರ್ಮಸಂಸ್ಥೆಯೊಂದರ ಅಧ್ಯಕ್ಷರು ಆಡಳಿತ ಮಂಡಳಿಗೆ ತಿಳಿಸದೆ ಸಂಸ್ಥೆಯ ಭೂಮಿಯನ್ನು ಒಬ್ಬರಿಗೆ ಕೊಡುವುದಾಗಿ ಮಾತು ಕೊಟ್ಟರೆ, ಅವರ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ಆ ಮಾತು ಟೊಳ್ಳು. ತನ್ನದಲ್ಲದ್ದನ್ನು ದಾನ ಮಾಡಿದವನಿಗೆ ಪುಣ್ಯವಿಲ್ಲ; ಅದನ್ನು ನೆಚ್ಚಿದವನಿಗೆ ಹಾನಿ ತಪ್ಪದು.

ಥಿಯು ಅವರ ಅಕ್ಟೋಬರಿನ ಸಂಶಯ ಕೃತಘ್ನತೆಯಲ್ಲ; ತನ್ನ ಪ್ರಜೆಗಳ ಹೊಣೆ ಹೊತ್ತವನ ಕರ್ತವ್ಯ. ಜನವರಿಯ ಸಮ್ಮತಿಯೂ ನಂಬಿಕೆಯಲ್ಲ; ಬೇರೆ ದಾರಿ ಕಾಣದವನ ಅಸಹಾಯಕತೆ. ಬಲಿಷ್ಠನು ದುರ್ಬಲನಿಂದ ನಂಬಿಕೆಯನ್ನು ಬಯಸುವ ಮುನ್ನ ತಾನು ಎಷ್ಟು ದೂರ ಜೊತೆಗೆ ಬರಬಲ್ಲೆನೆಂಬುದನ್ನು ಬಹಿರಂಗವಾಗಿ, ಮೊದಲೇ ಹೇಳಬೇಕು. ನಂಬಿಕೆಗೆ ಹೊಣೆ ನಂಬುವವನಲ್ಲ, ನಂಬಿಸುವವನು. ‘ಇಲ್ಲಿಂದ ಮುಂದೆ ಬರಲಾರೆ’ ಎಂಬ ಮಿತ್ರನ ಮಾತು ಕಹಿಯಾದರೂ ಕೇಳಿದವನಿಗೆ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಲು ಅವಕಾಶ ಉಳಿಸುತ್ತದೆ.