ಬಲವನ್ನು ಹೆಚ್ಚಿಸುವವನ ಹೊಣೆ

ಮನುಷ್ಯನು ತನ್ನ ಕೈಗೆ ಬಂದ ಸಾಧನವನ್ನು ಬಂದಂತೆಯೇ ಬಳಸಿ ತೃಪ್ತನಾಗತಕ್ಕವನಲ್ಲ. ನೇಗಿಲಿಗೆ ಕಬ್ಬಿಣದ ಗುಳವನ್ನು ತೊಡಿಸಿದವನೂ, ದೋಣಿಗೆ ಹಾಯಿಯನ್ನು ಕಟ್ಟಿದವನೂ, ಏತದ ಬಾವಿಗೆ ಪಂಪನ್ನು ಇಳಿಸಿದವನೂ ಇದ್ದುದು ಸಾಲದೆಂದು ಕಂಡೇ ಆ ಕೆಲಸಕ್ಕೆ ಕೈಹಾಕಿದರು. ಆದುದರಿಂದ ಬಲವನ್ನು ಹೆಚ್ಚಿಸಿಕೊಳ್ಳಬೇಕೆಂಬ ಬಯಕೆಯನ್ನೇ ದೋಷವೆಂದು ಹಳಿಯುವುದು ನ್ಯಾಯವಾಗಲಾರದು. ವಿಚಾರಿಸತಕ್ಕ ಪ್ರಶ್ನೆಯು ಬೇರೆ. ಒಂದು ವಸ್ತುವಿನ ಬಲವನ್ನು ಹೆಚ್ಚಿಸುವವನು ಆ ಬಲದೊಡನೆ ಯಾವ ಹೊಣೆಗಳನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ? ತೀರ ಲೌಕಿಕವಾದ, ಗ್ಯಾರೇಜಿನ ಎಣ್ಣೆ ಮೆತ್ತಿದ ಒಂದು ದೃಷ್ಟಾಂತದಿಂದ ಇದನ್ನು ಪರಿಶೀಲಿಸಬಹುದು.

ಮಂಗಳೂರಿನ ದೇರೆಬೈಲಿನಲ್ಲಿ ಒಬ್ಬ ಗೃಹಸ್ಥನಿರುವನೆಂದು ಭಾವಿಸಬಹುದು. ಬೈಲೆಂದರೆ ಗುಡ್ಡಗಳ ನಡುವಣ ತಗ್ಗಿನ ಗದ್ದೆಯ ನೆಲ. ಆ ಗುರುತು ಹೆಸರಿನಲ್ಲಿ ಉಳಿದಿದೆಯಾದರೂ ಈಗಿನ ದೇರೆಬೈಲು ಮಹಾನಗರಪಾಲಿಕೆಯ ಒಳಗಿನ, ಮನೆಗಳು ತುಂಬಿದ ಪ್ರದೇಶ. ಈ ಗೃಹಸ್ಥನ ಅಂಗಳದಲ್ಲಿ ಅವನ ತಂದೆಯು ಕೊಂಡಿದ್ದ ಒಂದು ಜಿಪ್ಸಿ ಬಂಡಿ ನಿಂತಿದೆ. ಮಾರುತಿ ಕಂಪೆನಿಯು 1985ರಲ್ಲಿ ಈ ಬಂಡಿಯನ್ನು ಮೊದಲು ಹೊರತಂದಾಗ ಅದರ ಎಂಜಿನು 970 ಸಿ.ಸಿ.ಯದು, ಮುಂದೆ ಅದು 1298 ಸಿ.ಸಿ.ಗೆ ಏರಿ, ಕೊನೆಯ ಮಾದರಿಗಳಲ್ಲಿ ಸುಮಾರು 80 ಅಶ್ವಶಕ್ತಿಯನ್ನು ಪಡೆಯಿತು. 2019ರ ಹೊತ್ತಿಗೆ ಸಾರ್ವಜನಿಕರಿಗೆ ಅದರ ಮಾರಾಟವು ನಿಂತುಹೋಯಿತು. ಹಗುರವಾದ ಮೈ, ನಾಲ್ಕು ಗಾಲಿಗಳಿಗೂ ಚಾಲನೆ, ಪಟ್ಟಿ ಸ್ಪ್ರಿಂಗುಗಳ ಗಟ್ಟಿತನ—ಇವುಗಳಿಂದ ಮಲೆನಾಡಿನ ತೋಟಗಳಲ್ಲಿಯೂ ಸೈನ್ಯದಲ್ಲಿಯೂ ಅದು ಹೆಸರು ಗಳಿಸಿತು.

ಈ ಗೃಹಸ್ಥನು ರಜೆಯ ದಿನಗಳಲ್ಲಿ ಗೆಳೆಯರೊಡನೆ ಚಾರ್ಮಾಡಿಯ ಘಾಟಿಯನ್ನೇರಿ, ತೋಟಗಳ ಕೆಸರುದಾರಿಗಳಲ್ಲಿ ಬಂಡಿಯನ್ನು ಹತ್ತಿಸಿ ಇಳಿಸುವ ವಿನೋದವುಳ್ಳವನು. ಗೆಳೆಯರ ಹೊಸ ಜೀಪುಗಳಲ್ಲಿ ಕಾರ್ಖಾನೆಯಿಂದಲೇ ಟರ್ಬೊ ಇದೆ. ಅವು ಅವನನ್ನು ಹಿಂದಿಕ್ಕಿ ಏರಿಹೋಗುತ್ತವೆ. ಗ್ಯಾರೇಜಿನವನು, ಹೊರಗಿನಿಂದ ತಂದು ಜೋಡಿಸುವ ಟರ್ಬೊ ಕಿಟ್ಟೊಂದು ದೊರೆಯುವುದೆಂದೂ, ಅದನ್ನು ಕೂಡಿಸಿದರೆ ಹಳೆಯ ಬಂಡಿಯೂ ಹೊಸದರ ಜತೆಗೆ ಓಡುವುದೆಂದೂ ಹೇಳುತ್ತಾನೆ. ಮನೆಯಲ್ಲಿ ಈ ಮಾತು ಬಂದಾಗ ಮುದಿತಾಯಿಯು ಕೇಳುತ್ತಾಳೆ: “ಹತ್ತುವ ಮಾತು ಆಯಿತು ಮಗಾ, ಇಳಿಯುವಾಗ ಏನು ಮಾಡುವೆ?” ಯಂತ್ರಶಾಸ್ತ್ರವನ್ನು ಅರಿಯದ ಈ ಪ್ರಶ್ನೆಯೊಳಗೆ ಪ್ರಸ್ತುತ ವಿಚಾರದ ಸಾರವೆಲ್ಲ ಅಡಗಿದೆ.

ಮೊದಲು ಈ ಟರ್ಬೊ ಎಂಬುದು ಏನೆಂದು ತಿಳಿಯಬೇಕು. ಎಂಜಿನು ಉಸಿರಾಡುವ ಯಂತ್ರ. ಗಾಳಿಯನ್ನು ಒಳಗೆಳೆದುಕೊಂಡು, ಅದರಲ್ಲಿ ಪೆಟ್ರೋಲನ್ನು ಉರಿಸಿ, ಉಳಿದ ಬಿಸಿಹೊಗೆಯನ್ನು ಹೊರಗೆ ಬಿಡುತ್ತದೆ. ಉರಿಸಿದ ಎಣ್ಣೆಯ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಹೊಗೆಯೊಡನೆ ವ್ಯರ್ಥವಾಗಿ ಹೋಗುತ್ತದೆ. ಟರ್ಬೊ ಯಂತ್ರವು ಆ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ಇರಿಸಿ ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಎಣ್ಣೆಯನ್ನು ಹೆಚ್ಚಾಗಿ ಉರಿಸಬಹುದು, ಬಲವೂ ಹೆಚ್ಚುತ್ತದೆ. ಆ ದಂಡವು ನಿಮಿಷಕ್ಕೆ 1,00,000 ಸುತ್ತುಗಳನ್ನೂ ಮೀರಿ ತಿರುಗುವುದುಂಟು.

ಇದನ್ನು ಕಂಡುಹಿಡಿದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರನು. ಅವನು 1905ರಲ್ಲಿ ಪೇಟೆಂಟನ್ನು ಪಡೆದರೂ ಪೂರ್ಣಫಲವನ್ನು ಕಾಣಲು 20 ವರ್ಷಗಳು ಬೇಕಾದವು. 1925ರಲ್ಲಿ ಹತ್ತು ಸಿಲಿಂಡರುಗಳ ದೊಡ್ಡ ಡೀಸೆಲ್ ಎಂಜಿನೊಂದರ ಬಲವನ್ನು ಅವನು 1750ರಿಂದ 2500 ಅಶ್ವಶಕ್ತಿಗೆ ಏರಿಸಿದನು. ಈ ನಡುವೆ 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬವನು ವಿಮಾನದ ಎಂಜಿನೊಂದನ್ನು 14,000 ಅಡಿಗಳಿಗಿಂತ ಎತ್ತರದ ಪೈಕ್ಸ್ ಪೀಕ್ ಎಂಬ ಶಿಖರಕ್ಕೆ ಒಯ್ದು ಪರೀಕ್ಷಿಸಿದನು. ಅಲ್ಲಿಯ ತೆಳುಗಾಳಿಯಲ್ಲಿ ಬಹಳಷ್ಟು ಬಲವನ್ನು ಕಳೆದುಕೊಂಡ ಎಂಜಿನು ಟರ್ಬೊವಿನ ಸಹಾಯದಿಂದ ತನ್ನ ಮೊದಲಿನ ಬಲವನ್ನು ಮರಳಿ ಪಡೆಯಿತು.

ಇಷ್ಟನ್ನು ಕೇಳಿದವರು, ಈ ಯಂತ್ರದಲ್ಲಿ ನಿಂದಿಸತಕ್ಕುದೇನಿದೆ ಎಂದು ಕೇಳಬಹುದು. ವ್ಯರ್ಥವಾಗುವುದನ್ನು ಹಿಡಿದು ಉಪಯೋಗಕ್ಕೆ ತರುವುದು ಮಿತವ್ಯಯವೆಂಬ ಗುಣವೇ ಅಲ್ಲವೆ? ತಂದೆಯ ಬಂಡಿಯನ್ನು ಗುಜರಿಗೆ ಮಾರದೆ ಅದಕ್ಕೆ ಹೊಸ ಜೀವವನ್ನು ಕೊಡುವುದು ಕೃತಜ್ಞತೆಯ ಲಕ್ಷಣವಲ್ಲವೆ? ಕೊಂಡ ವಸ್ತುವನ್ನು ಮುಟ್ಟದೆ ಪೂಜಿಸುವವನಿಗಿಂತ, ಬಿಚ್ಚಿ ನೋಡಿ, ಕೈ ಮಸಿಮಾಡಿಕೊಂಡು ಅರಿಯುವವನು ಮೇಲಲ್ಲವೆ? ಇವೆಲ್ಲವೂ ಸತ್ಯವಾದ ಮಾತುಗಳೇ. ಟರ್ಬೊವಿನಲ್ಲಿ ತಪ್ಪಿಲ್ಲ, ಕಾರ್ಖಾನೆಯಿಂದ ಬರುವ ಡೀಸೆಲ್ ಜೀಪುಗಳು ಅದರ ಬಲದಿಂದಲೇ ಘಾಟಿಯನ್ನೇರುತ್ತವೆ. ಆದರೆ ಅವುಗಳಲ್ಲಿ ಟರ್ಬೊವನ್ನು ಎಣಿಸಿಯೇ ಪಿಸ್ಟನ್ನು, ಕ್ಲಚ್ಚು, ಗೇರುಪೆಟ್ಟಿಗೆ, ಬ್ರೇಕುಗಳನ್ನು ನಿಯೋಜಿಸಿರುತ್ತಾರೆ. ಆಮೇಲೆ ತಂದು ಕೂಡಿಸುವ ಕಿಟ್ಟಾದರೋ, ಒಂದು ಅಂಗದ ಬಲವನ್ನು ಹೆಚ್ಚಿಸಿ ಉಳಿದ ಅಂಗಗಳಿಗೆ ಸುದ್ದಿಯನ್ನೇ ಕೊಡುವುದಿಲ್ಲ. ವಿವೇಚನೆಯು ಇಲ್ಲಿಂದ ಆರಂಭವಾಗತಕ್ಕುದು.

ಮೊದಲನೆಯದಾಗಿ, ಕೊರತೆಯನ್ನು ತುಂಬುವುದಕ್ಕೂ ಮಿತಿಯನ್ನು ಮೀರುವುದಕ್ಕೂ ಭೇದವಿದೆ. ಪೈಕ್ಸ್ ಪೀಕಿನಲ್ಲಿ ಎಂಜಿನಿಗೆ ಉಸಿರು ನಿಜವಾಗಿಯೂ ಸಾಲದಾಗಿತ್ತು. ಟರ್ಬೊ ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿತು. ದೇರೆಬೈಲಿಗೆ ಕಡಲು ಹತ್ತಿರ. ಅಲ್ಲಿಯ ಗಾಳಿಯ ಒತ್ತಡವು ಚದರ ಅಂಗುಲಕ್ಕೆ ಸುಮಾರು 14.7 ಪೌಂಡು. ಘಾಟಿಯನ್ನೇರಿ 1000 ಮೀಟರು ಎತ್ತರವನ್ನು ಮುಟ್ಟಿದರೂ ಕಡಿಮೆಯಾಗುವುದು ಹತ್ತರಲ್ಲೊಂದು ಪಾಲು ಮಾತ್ರ. ಹೀಗಿರಲು ಈ ಗೃಹಸ್ಥನ ಬಂಡಿಯು ಉಸಿರಿಲ್ಲದೆ ಬಳಲುತ್ತಿಲ್ಲ. ನೆರೆಯವನ ಬಂಡಿಯನ್ನು ನೋಡಿ ಅವನ ಮನಸ್ಸು ಬಳಲುತ್ತಿದೆ. ಮಿತಿಯನ್ನು ಮೀರುವುದು ಸರ್ವಥಾ ಪಾಪವೆಂದು ಹೇಳಬೇಕಾಗಿಲ್ಲ. ಆದರೆ ಕೊರತೆಯು ತನ್ನ ಕಾರಣವನ್ನು ತಾನೇ ಹೇಳಿಕೊಳ್ಳುತ್ತದೆ. ಮೀರುವವನಾದರೋ ಕಾರಣವನ್ನು ಕೊಡಬೇಕು. ನೆರೆಯವನು ಮುಂದೆ ಹೋದನೆಂಬುದು ಸಾಕಾದ ಕಾರಣವಲ್ಲ.

ಎರಡನೆಯದಾಗಿ, ಒಂದಕ್ಕೆ ಕೊಟ್ಟ ಬಲವನ್ನು ಉಳಿದುವು ತಾಳಬೇಕು. ಒತ್ತಿದ ಗಾಳಿಯು ಕಾಯುತ್ತದೆ; ಅದನ್ನು ತಣಿಸದೆ ಒಳಗೆ ಬಿಟ್ಟರೆ ಪೆಟ್ರೋಲು ಹೊತ್ತಿಕೊಳ್ಳಬೇಕಾದ ರೀತಿಯನ್ನು ತಪ್ಪಿ ಸಿಡಿಯುತ್ತದೆ, ಪಿಸ್ಟನ್ನಿನ ತಲೆಯು ಒಡೆಯುತ್ತದೆ. ಎಣ್ಣೆಯ ಪ್ರಮಾಣವು ಗಾಳಿಯ ಪ್ರಮಾಣಕ್ಕೆ ಹೊಂದದಿದ್ದರೂ ಹಾಗೆಯೇ. ಟರ್ಬೊವಿನ ಬೇರಿಂಗುಗಳಿಗೆ ಎಂಜಿನಿನ ಎಣ್ಣೆಯೇ ಪ್ರಾಣ. ಬಲವಾಗಿ ಓಡಿಸಿದ ಕೂಡಲೇ ಎಂಜಿನನ್ನು ನಿಲ್ಲಿಸಿದರೆ ಆ ಎಣ್ಣೆಯು ಕಾದು ಕರಕಾಗಿ ಅಂಟಿಕೊಳ್ಳುತ್ತದೆ. ರೇಡಿಯೇಟರು, ಕ್ಲಚ್ಚು, ಗೇರು, ಅಚ್ಚು—ಎಲ್ಲವೂ ಹಳೆಯ ಬಲವನ್ನು ಎಣಿಸಿ ಮಾಡಿದವು. ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ವೇಗವು ಗಂಟೆಗೆ 80ರಿಂದ 100 ಕಿಲೋಮೀಟರಿಗೆ ಏರಿದರೆ, ಬಂಡಿಯನ್ನು ನಿಲ್ಲಿಸಲು ಅಡಗಿಸಬೇಕಾದ ಶಕ್ತಿಯು ಮೊದಲಿನದರ ಒಂದೂವರೆ ಪಾಲಿಗಿಂತ ಹೆಚ್ಚಾಗುತ್ತದೆ. ಆ ಶಾಖವನ್ನೆಲ್ಲ ನುಂಗಬೇಕಾದವು ಹಳೆಯ ಬ್ರೇಕುಗಳೇ. ಘಾಟಿಯ ತಿರುವುಗಳಲ್ಲಿ ಇಳಿಯುವಾಗ ಟರ್ಬೊ ಯಾವ ಸಹಾಯವನ್ನೂ ಮಾಡದು. ತಾಯಿಯು ಕೇಳಿದುದು ಇದನ್ನೇ.

ಕಂಬಳದ ಕೋಣಗಳನ್ನು ಸಾಕುವವರು ಈ ನ್ಯಾಯವನ್ನು ಬಲ್ಲರು. ಜೋಡಿಯ ಒಂದು ಕೋಣವನ್ನು ಮಾತ್ರ ಮೇಯಿಸಿ ಕೊಬ್ಬಿಸುವವನನ್ನು ಊರು ನಗುತ್ತದೆ. ಏಕೆಂದರೆ ನೊಗವು ವಕ್ರವಾದರೆ ಬಲಿಷ್ಠವಾದ ಕೋಣವೂ ಓಡಲಾರದು. ಕಠೋಪನಿಷತ್ತು ಶರೀರವನ್ನು ರಥವೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಮನಸ್ಸನ್ನು ಕಡಿವಾಣವೆಂದೂ, ಇಂದ್ರಿಯಗಳನ್ನು ಕುದುರೆಗಳೆಂದೂ ರೂಪಿಸಿರುವುದು ವಾಚಕರಿಗೆ ತಿಳಿದ ವಿಷಯ. ಕುದುರೆಗಳನ್ನು ಬಡಕಲಾಗಿಸಬೇಕೆಂದು ಅದು ವಿಧಿಸುವುದಿಲ್ಲ; ಕುದುರೆಗಳ ಬಲವನ್ನು ಹೆಚ್ಚಿಸುವ ಉಪಾಯವನ್ನೂ ಹೇಳುವುದಿಲ್ಲ. ಅದರ ಚಿಂತೆಯೆಲ್ಲ ಸಾರಥಿಯದು, ಕಡಿವಾಣದ್ದು. ಬಲವು ಹೇಗೂ ದೊರೆಯುತ್ತದೆ. ದುರ್ಲಭವಾದುದು ಅದನ್ನು ಹಿಡಿಯುವ ಕೈ.

ಮೂರನೆಯದಾಗಿ, ದಾರಿಯು ಯಾವ ಬಲವನ್ನು ಕೇಳುತ್ತಿದೆಯೆಂಬುದನ್ನು ವಿಚಾರಿಸಬೇಕು. ಕೆಸರಿನಲ್ಲಿಯೂ ಬಂಡೆಗಳ ನಡುವೆಯೂ ಬೇಕಾದುದು ಓಟವಲ್ಲ, ಹಿಡಿತ. ಗಾಲಿಯು ನೆಲವನ್ನು ಎಷ್ಟು ಹಿಡಿಯಬಲ್ಲುದೋ ಅಷ್ಟೇ ಬಲವು ಸಾರ್ಥಕ; ಅದಕ್ಕಿಂತ ಹೆಚ್ಚಿನದು ಗಾಲಿಯನ್ನು ಇದ್ದಲ್ಲೇ ತಿರುಗಿಸಿ ಗುಂಡಿಯನ್ನು ತೋಡುತ್ತದೆ. ಅದೂ ಅಲ್ಲದೆ ಟರ್ಬೊವಿನ ಬಲವು ಎಂಜಿನು ಸಾಕಷ್ಟು ವೇಗವಾಗಿ ತಿರುಗಿದ ಮೇಲೆ, ತಡವಾಗಿ, ಕೆಲವೊಮ್ಮೆ ಒಮ್ಮೆಲೇ ಬರುತ್ತದೆ. ಮೆಲ್ಲನೆ ಹತ್ತಬೇಕಾದ ಸ್ಥಳದಲ್ಲಿ ಅದು ಇಲ್ಲ. ನಿಧಾನಿಸಬೇಕಾದ ಸ್ಥಳದಲ್ಲಿ ಅದು ನುಗ್ಗುತ್ತದೆ. ಜಿಪ್ಸಿಯಲ್ಲಿ ಮೊದಲಿನಿಂದಲೂ ಇರುವ ತಗ್ಗುಗೇರಿನ ಸನ್ನೆಯೇ ಇಂಥ ಸ್ಥಳಕ್ಕೆ ಒದಗತಕ್ಕುದು: ಅದು ಬಲವನ್ನು ಹೊರಗಿನಿಂದ ತರದೆ, ವೇಗವನ್ನು ಬಿಟ್ಟುಕೊಟ್ಟು ಎಳೆತವನ್ನು ಪಡೆಯುತ್ತದೆ. ಮನುಷ್ಯನು ತನಗೆ ಬೇಕಾದುದು ಕೆಸರನ್ನು ದಾಟುವ ಸಾಮರ್ಥ್ಯವೋ, ನೋಡುವವರ ಮುಂದೆ ದಾಟಿದನೆನಿಸಿಕೊಳ್ಳುವ ಸಂಭ್ರಮವೋ ಎಂದು ತನ್ನನ್ನು ತಾನು ಕೇಳಿಕೊಂಡರೆ, ಅನೇಕ ಖರ್ಚುಗಳು ಅಲ್ಲಿಗೇ ನಿಲ್ಲುವುವು.

ನಾಲ್ಕನೆಯದು, ಎಲ್ಲಕ್ಕಿಂತ ಗುರುತರವಾದುದು, ಅನ್ಯರ ವಿಷಯ. ಬಂಡಿಯು ತನ್ನದು, ಹಣವು ತನ್ನದು, ಅಪಾಯವೂ ತನ್ನದೇ ಎಂದು ಗೃಹಸ್ಥನು ಹೇಳಿಯಾನು. ಮೊದಲಿನ ಎರಡು ಮಾತುಗಳು ನಿಜ, ಮೂರನೆಯದು ನಿಜವಲ್ಲ. ಅವನ ಪಕ್ಕದಲ್ಲಿ ಕುಳಿತ ಹೆಂಡತಿಗೂ, ಹಿಂದಿನ ಸೀಟಿನ ಮಕ್ಕಳಿಗೂ, ಕುಂಟಿಕಾನದ ಹೆದ್ದಾರಿಯನ್ನು ದಾಟುತ್ತಿರುವ ಅಪರಿಚಿತನಿಗೂ ಆ ಬ್ರೇಕು ಸಾಲದಿರುವುದರಲ್ಲಿ ಪಾಲಿದೆ. ಆದರೆ ಅವರಾರೂ ಆ ನಿರ್ಧಾರದಲ್ಲಿ ಪಾಲುಗೊಂಡವರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕನು ಗೊತ್ತುಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಹೇಳುವುದು ಈ ನ್ಯಾಯದ ಮೇಲೆಯೇ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ, ಅದೇ ಅರ್ಥವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಂಥ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿಗಳ ದಂಡವನ್ನೋ, ಆರು ತಿಂಗಳವರೆಗಿನ ಸೆರೆಯನ್ನೋ, ಎರಡನ್ನೂ ಕೂಡಿಯೋ ವಿಧಿಸಿತು. ವಿಮೆಯವರಿಗೆ ತಿಳಿಸದೆ ಬಲವನ್ನು ಹೆಚ್ಚಿಸಿದವನು, ಅಪಘಾತವಾದ ದಿನ ತನ್ನ ಮನೆಯವರಿಗೆ ಸಲ್ಲಬೇಕಾದ ಪರಿಹಾರವನ್ನೂ ಸಂಶಯಕ್ಕೆ ಗುರಿಮಾಡುತ್ತಾನೆ. ಕಿಟ್ಟನ್ನು ಬಿಚ್ಚಿ, ಬಳಲಿದ ಎಂಜಿನನ್ನು ಮಾತ್ರ ಉಳಿಸಿ, ಏನೂ ಹೇಳದೆ ಬಂಡಿಯನ್ನು ಮಾರುವವನದು ಕಳ್ಳತನದ ಇನ್ನೊಂದು ರೂಪ.

ನೆಲಕ್ಕೂ ಈ ಲೆಕ್ಕದಲ್ಲಿ ಸ್ಥಾನವಿದೆ. ಕುದುರೆಮುಖದ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿಯು ಬಂಟ್ವಾಳವನ್ನು ದಾಟಿ ಮಂಗಳೂರಿನಲ್ಲಿ ಕಡಲನ್ನು ಸೇರುತ್ತದೆ. ದಾರಿಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತ ಅದರ ನೀರೇ ನಗರದ ನಲ್ಲಿಗಳಿಗೆ ಬರುತ್ತದೆ. ಮಳೆಗಾಲದಲ್ಲಿ ಘಟ್ಟದ ಇಳಿಜಾರುಗಳನ್ನು ಗಾಲಿಗಳಿಂದ ಉತ್ತರೆ, ಸಡಿಲವಾದ ಮಣ್ಣು ಮೊದಲು ತೊರೆಗೆ, ತೊರೆಯಿಂದ ಹೊಳೆಗೆ ಇಳಿಯುವುದು ಸಹಜ. ಬೆಟ್ಟದ ಮೇಲಿನ ವಿನೋದಕ್ಕೂ ಮನೆಯ ಕೊಡಪಾನಕ್ಕೂ ಸಂಬಂಧವಿಲ್ಲವೆಂದು ತಿಳಿಯುವವನು ನೀರು ಬರುವ ದಾರಿಯನ್ನು ಮರೆತವನು.

ಹಾಗಾದರೆ ಗೃಹಸ್ಥನು ಕೈಕಟ್ಟಿ ಕುಳಿತಿರಬೇಕೆ? ಹಾಗಲ್ಲ. ಸವೆದ ಬ್ರೇಕುಗಳನ್ನು ಹೊಸತು ಮಾಡಲಿ; ನೆಲವನ್ನು ಹಿಡಿಯುವ ಒಳ್ಳೆಯ ಟಯರುಗಳನ್ನು ಹಾಕಲಿ; ರೇಡಿಯೇಟರನ್ನೂ ಎಣ್ಣೆಯನ್ನೂ ಶುದ್ಧವಾಗಿಟ್ಟುಕೊಳ್ಳಲಿ; ತಗ್ಗುಗೇರಿನಲ್ಲಿ ಮೆಲ್ಲನೆ ಹತ್ತುವ ವಿದ್ಯೆಯನ್ನು ಕೈಗೆ ಕಲಿಸಲಿ. ಇಷ್ಟನ್ನು ಮಾಡಿದವನಿಗೆ ಬಂಡಿಯ ಬಲವು ತಾನು ಎಣಿಸಿದುದಕ್ಕಿಂತ ಹೆಚ್ಚಾಗಿತ್ತೆಂದು ತಿಳಿದುಬರುವುದು ಅಪರೂಪವಲ್ಲ. ಆಮೇಲೆಯೂ ಟರ್ಬೊವಿನ ವಿದ್ಯೆಯನ್ನು ಅಭ್ಯಸಿಸುವ ಕುತೂಹಲವು ಉಳಿದರೆ, ಸಾರ್ವಜನಿಕ ರಸ್ತೆಗೆ ಇಳಿಯದ ಬೇರೊಂದು ಬಂಡಿಯ ಮೇಲೆ, ಖಾಸಗಿ ನೆಲದಲ್ಲಿ, ಬ್ರೇಕಿನಿಂದ ಆರಂಭಿಸಿ ಎಂಜಿನಿನಲ್ಲಿ ಮುಗಿಸುವ ಕ್ರಮದಿಂದ ಅದನ್ನು ನಡೆಸಬಹುದು. ಬ್ಯೂಕಿಯೂ 20 ವರ್ಷ ಪರೀಕ್ಷೆಯಲ್ಲಿ ಕಾದನೆಂಬುದನ್ನು ಮರೆಯಲಾಗದು.

ಈ ನ್ಯಾಯವು ಬಂಡಿಗೆ ಮಾತ್ರ ಸಲ್ಲುವುದಲ್ಲ. ಎಣಿಸದೆ ಬಂದ ಹಣ, ಅಭ್ಯಾಸವಿಲ್ಲದವನಿಗೆ ದೊರೆತ ಅಧಿಕಾರ, ವಿವೇಕವು ಬಲಿಯುವ ಮೊದಲೇ ಒದಗಿದ ಕೀರ್ತಿ—ಇವೆಲ್ಲ ಹೊರಗಿನಿಂದ ಒತ್ತಿ ತುಂಬಿದ ಗಾಳಿಯೇ. ಅವುಗಳನ್ನು ಪಡೆದವನು ಏರುವುದನ್ನು ಎಲ್ಲರೂ ನೋಡುತ್ತಾರೆ. ಅವನ ಪಿಸ್ಟನ್ನು ಒಡೆಯುವುದನ್ನೂ ಬ್ರೇಕು ಸೋಲುವುದನ್ನೂ ಅನುಭವಿಸುವವರು ಮನೆಯವರು, ನೆರೆಯವರು, ದಾರಿಯಲ್ಲಿ ಎದುರಾದವರು. ಆದುದರಿಂದ ಬಲವನ್ನು ಬಯಸುವವನು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಯು, ಎಷ್ಟು ಬಲವು ತನಗೆ ದೊರೆತೀತು ಎಂಬುದಲ್ಲ. ಎಷ್ಟು ಬಲಕ್ಕೆ ತಾನು ಉತ್ತರವಾದಿಯಾಗಬಲ್ಲೆನೆಂಬುದು. ಅದಕ್ಕೆ ಉತ್ತರವು ಸಿದ್ಧವಾಗುವವರೆಗೆ ಗ್ಯಾರೇಜಿನವನಿಗೆ ಮುಂಗಡವನ್ನು ಕೊಡದಿರುವುದು ಲೇಸು.