ಚೀಲದ ಒಳಮೈ

ಕಳೆದ ಕ್ರಿಸ್ಮಸ್ ರಜೆಗೆ ಬೆಂಗಳೂರಿನಿಂದ ಹೊಸಪೇಟೆಗೆ ಬಂದ ನಮ್ಮ ಅಣ್ಣನ ಮಗಳ ಹೆಗಲಲ್ಲಿ ಬಣ್ಣಬಣ್ಣದ ಒಂದು ಚೀಲವಿತ್ತು. ಕೆಂಪು, ನೀಲಿ ಕಸೂತಿ, ನಡುವೆ ಪುಟ್ಟ ಕನ್ನಡಿಗಳು. ಫೋನಿನಲ್ಲೇ ಆರಿಸಿ ತರಿಸಿಕೊಂಡದ್ದಂತೆ. 'ಅಜ್ಜಿಯರ ಕಾಲದ ಕೈಕೆಲಸ' ಎಂಬ ಚೀಟಿಯೂ ಅದಕ್ಕಿತ್ತು.

ಮರುದಿನ ಹಂಪಿಗೆ ಹೋದೆವು. ಅಲ್ಲಿ ಚೀಲ, ಸರ ಮಾರುತ್ತಿದ್ದ ಲಂಬಾಣಿ ಅಜ್ಜಿಯೊಬ್ಬರು ಆ ಚೀಲವನ್ನು ಕೇಳಿ ಪಡೆದು, ಒಳಮೈ ಹೊರಗೆ ಬರುವಂತೆ ತಿರುವಿದರು. ಒಳಗೆ ಬರೀ ಬಿಳಿ ಬಟ್ಟೆ.

"ಸೂಜಿ ಮುಟ್ಟೇ ಇಲ್ಲ ನೋಡವ್ವಾ. ಅಚ್ಚು ಹಾಕಿ ಕನ್ನಡಿ ಅಂಟಿಸ್ಯಾರ."

ಹುಡುಗಿ ಪೆಚ್ಚಾದಳು. ಆಮೇಲೆ ದಾರಿಯಲ್ಲಿ, "ಚೆಂದ ಇದೆಯಲ್ಲ ಅತ್ತೆ, ಯಾರು ಮಾಡಿದರೇನು?" ಎಂದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಪ್ರಿಯ ಓದುಗರೇ, ಸಂಡೂರು ಸೀಮೆಯ ತಾಂಡಾಗಳ ಹೆಂಗಸರು ಈ ಕಸೂತಿಯನ್ನು ಮಾರಲು ಕಲಿತವರಲ್ಲ. ತಾವು ಉಡಲು, ಮಗಳ ಮದುವೆಗೆ ಕೊಡಲು ತಿಂಗಳುಗಟ್ಟಲೆ ಕುಳಿತು ಹಾಕುತ್ತಿದ್ದರು. ಅದೇ ಉಡುಪಿನಲ್ಲಿ ಹೊಸಪೇಟೆಯ, ಕಂಪ್ಲಿಯ ಸಂತೆಗೆ ಬಂದಾಗ ನಮ್ಮಂಥವರೇ ತಿರುಗಿ ನೋಡಿ ನಕ್ಕಿದ್ದುಂಟು. ಮುಂದಿನ ಪೀಳಿಗೆಯ ಅನೇಕರು ಸೀರೆಗೆ ಬಂದರು. ಹಳೆಯ ಲಂಗ, ರವಿಕೆಗಳನ್ನು ವ್ಯಾಪಾರಿಗಳು ಕೊಂಡು, ಕತ್ತರಿಸಿ, ದಿಂಬಿನ ಚೀಲ ಮಾಡಿದರು. ಪೇಟೆಯನ್ನೇ ಬಿಟ್ಟು ಬಂದೆವೆನ್ನುತ್ತಿದ್ದ ಹಿಪ್ಪಿಗಳ ಕೈಯಲ್ಲಿ ಅವು ದೇಶ ಸುತ್ತಿದವು. ಇಂದು ಆ ಪೇಟೆ ಬಿಟ್ಟವರ ವೇಷವೂ ಪೇಟೆಯ ಸರಕೇ. ಅವರ ಬಿಡಾರಗಳಿದ್ದ ವಿರೂಪಾಪುರಗಡ್ಡೆಯ ಕಟ್ಟಡಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರಲ್ಲಿ ಕೆಡವಲಾಯಿತು. 'ಹಿಪ್ಪಿ ಐಲ್ಯಾಂಡ್' ಎಂಬ ಹೆಸರು ಮಾತ್ರ ಉಳಿದಿದೆ.

ಹಾಗೆಂದು ಹಳೆಯದರ ಮೇಲಿನ ಮೋಹವನ್ನೇ ಬಯ್ಯುವಂತಿಲ್ಲ. ಆ ಮೋಹವಿಲ್ಲದಿದ್ದರೆ ಸೂಜಿಯೇ ನಿಂತುಹೋಗುತ್ತಿತ್ತೇನೋ. ಸಂಡೂರು ಕುಶಲ ಕಲಾ ಕೇಂದ್ರ ತಾಂಡಾದ ಹೆಂಗಸರಿಗೆ ಇದೇ ಕಸೂತಿಯಿಂದ ದುಡಿಮೆ ಒದಗಿಸಿದೆ. 'ಸಂಡೂರು ಲಂಬಾಣಿ ಕಸೂತಿ'ಗೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಮೂಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಆದರೆ ಭೌಗೋಳಿಕ ಗುರುತು ಕಾಯುವುದು ಹೆಸರನ್ನು. ಆ ಹೆಸರು ಬಿಟ್ಟು, ಕಸೂತಿಯ ಚಿತ್ರವನ್ನಷ್ಟೇ ಅಚ್ಚು ಹಾಕಿ 'ಅಜ್ಜಿಯರ ಕಾಲದ್ದು' ಎಂದು ಮಾರುವವನನ್ನು ಅದರಿಂದ ತಡೆಯುವುದು ಕಷ್ಟ. ಅಲ್ಲಿ ಬಟ್ಟೆಗಿಂತ ಹೆಚ್ಚಾಗಿ ಮಾರಾಟವಾಗುವುದು ಒಬ್ಬ ಅಜ್ಜಿಯ ಬಾಳು. ಆಕೆಗೆ ಕಾಸೂ ಇಲ್ಲ, ಮಾತೂ ಇಲ್ಲ. ಸುಳ್ಳುಸಾಕ್ಷಿ ಹೇಳಬೇಡವೆಂಬ ಕಟ್ಟಳೆಯನ್ನು ನಾವು ನ್ಯಾಯಾಲಯಕ್ಕೆ ಮಾತ್ರ ಸೇರಿದ್ದೆಂದು ತಿಳಿದಿದ್ದೇವೆ. ಆ ಚೀಟಿಯೂ ಒಂದು ಸಾಕ್ಷಿಯಲ್ಲವೇ? 1891ರಲ್ಲೇ ಹದಿಮೂರನೆಯ ಲಿಯೋ ಜಗದ್ಗುರುಗಳು ದುಡಿದವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ವಿಶ್ವಪತ್ರ ಬರೆದರು. ದುಡಿದವಳ ಹೆಸರು ಹೇಳಿಕೊಂಡು, ಅವಳಿಂದ ದುಡಿಮೆಯನ್ನೇ ಪಡೆಯದೆ ಲಾಭ ಮಾಡುವ ವಿದ್ಯೆ ಆಗ ಇಷ್ಟು ಸುಲಭವಾಗಿರಲಿಲ್ಲ.

ಹೊರಡುವ ಮುನ್ನ ಹುಡುಗಿ ಆ ಅಜ್ಜಿಯ ಬಳಿಗೆ ಮತ್ತೆ ಹೋದಳು. ಗೇಣಗಲದ ಒಂದು ಪಟ್ಟಿ ಎತ್ತಿ, ಎಷ್ಟು ದಿನ ಹಿಡಿಯಿತೆಂದು ಕೇಳಿದಳು.

"ದಿನ ಎಣಿಸಿದವರ್ಯಾರವ್ವಾ? ಕೂಲಿಯಿಂದ ಬಂದು ರಾತ್ರಿ ಕುಂತು ಹಾಕೀನಿ."

ಪಟ್ಟಿಯನ್ನು ತಿರುವಿ ಹಿಂಬದಿಯ ಹೊಲಿಗೆ ನೋಡಿ, ಹೇಳಿದಷ್ಟು ಬೆಲೆ ಕೊಡಲು ಅವಳು ಪರ್ಸು ತೆಗೆದಳು. ಅಭ್ಯಾಸಬಲದಿಂದ ಚೌಕಾಸಿಗೆ ಬಾಯಿ ತೆರೆದವಳು ನಾನು.