ಕಿತ್ತ ಹೂವು, ಬರೆದ ಹೂವು

ಚಿತ್ರ ಬರೆಯುವುದಕ್ಕಾಗಿ ಹೂವನ್ನು ಕೀಳುವುದು ಹಿಂಸೆಯೇ? ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಂತಹ ಸಂಸ್ಥೆಗಳಿಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ಮಡಕೆ, ಹಣ್ಣು, ಹೂದಾನಿಗಳನ್ನು ಮುಂದಿರಿಸಿಕೊಂಡು ಬರೆಯುವ ಸ್ಥಿರವಸ್ತು ಚಿತ್ರಣವು ಕಲಾಭ್ಯಾಸದ ಆರಂಭದ ಪಾಠಗಳಲ್ಲೊಂದು. ಫ್ರೆಂಚರು ಈ ಪ್ರಕಾರಕ್ಕೆ ‘ಮೃತ ನಿಸರ್ಗ’ ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಆ ಹೆಸರೇ ಶ್ರಾವಕನನ್ನು ವಿಚಾರಕ್ಕೆ ಹಚ್ಚುವಂಥದು.

ದಾವಣಗೆರೆ ಸೀಮೆಯ ಹೊಲಗಳನ್ನು ಕಂಡವರಿಗೆ ಸೂರ್ಯಕಾಂತಿ ಅಪರಿಚಿತವಲ್ಲ. ಇಂಪ್ರೆಷನಿಸ್ಟ್ ಪಂಥದ ಅಗ್ರಗಣ್ಯ ಕಲಾವಿದ ಕ್ಲಾಡ್ ಮೊನೆ 1881ರಲ್ಲಿ, ಫ್ರಾನ್ಸಿನ ವೆತೆಯ್ ಗ್ರಾಮದಲ್ಲಿದ್ದಾಗ, ತನ್ನ ತೋಟದ ಈ ಹೂವನ್ನು ಎರಡು ಬಗೆಯಾಗಿ ಚಿತ್ರಿಸಿದನು. ಒಂದರಲ್ಲಿ ಕೊಯ್ದ ಹೂಗಳು ಹೂದಾನಿಯಲ್ಲಿವೆ. ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಇನ್ನೊಂದರಲ್ಲಿ ಅವು ಮೆಟ್ಟಿಲುಗಳ ಇಕ್ಕೆಲದಲ್ಲಿ ಗಿಡದ ಮೇಲೆಯೇ ಬಿಸಿಲಿಗೆ ಅರಳಿ ನಿಂತಿವೆ. ಚೆಲುವಿನಲ್ಲಿ ಎರಡೂ ಸಮಾನ. ಮೊನೆ ಅಹಿಂಸೆಯನ್ನು ಚಿಂತಿಸಿ ಹಾಗೆ ಬರೆದನೆಂದಲ್ಲ. ಕೊಯ್ಯದೆಯೂ ಹೂವಿನ ಸೊಬಗನ್ನು ಹಿಡಿಯಬಹುದೆಂಬುದಕ್ಕೆ ಅವನ ಕೃತಿಯೇ ಸಾಕ್ಷಿ.

ವನಸ್ಪತಿಯು ಏಕೇಂದ್ರಿಯ ಜೀವ. ಗೃಹಸ್ಥನು ಸ್ಥಾವರಹಿಂಸೆಯನ್ನು ಪೂರ್ಣವಾಗಿ ತ್ಯಜಿಸಲಾರ. ಆದುದರಿಂದಲೇ ಅವನಿಗೆ ಅನರ್ಥದಂಡವಿರತಿಯ ವ್ರತವಿದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾರಣವಿಲ್ಲದೆ ಸಸ್ಯಗಳನ್ನು ಕಡಿಯುವುದನ್ನು ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಕಲಾಭ್ಯಾಸವು ನಿಷ್ಪ್ರಯೋಜಕವಲ್ಲ, ನಿಜ. ಆದರೆ ಪ್ರಯೋಜನವಿದೆಯೆಂಬ ಮಾತ್ರಕ್ಕೆ ಹಿಂಸೆಯು ಅಹಿಂಸೆಯಾಗದು. ‘ಇಷ್ಟು ಬೇಕೇ? ಇದಿಲ್ಲದೆ ಆಗದೇ?’ ಎಂದು ಕೇಳಿಕೊಳ್ಳುವ ಹೊಣೆ ಆಗಲೂ ಉಳಿಯುತ್ತದೆ.

ಈ ಪ್ರಶ್ನೆಯನ್ನು ವಿದ್ಯಾರ್ಥಿಗೆ ಮಾತ್ರ ಹಾಕಿ ನಾವು ಸುಮ್ಮನಿರುವುದು ನ್ಯಾಯವಲ್ಲ. ಅವನು ಕಿತ್ತ ಒಂದು ಸೇವಂತಿಗೆಯನ್ನು ಗಂಟೆಗಟ್ಟಲೆ ನೋಡುತ್ತಾನೆ. ಅದರ ಒಂದೊಂದು ಎಸಳಿನ ಮೇಲೂ ಬೆಳಕು ಹೇಗೆ ಬದಲಾಗುತ್ತದೆಂದು ಗಮನಿಸುತ್ತಾನೆ. ನಮ್ಮ ಸಮಾರಂಭಗಳಲ್ಲಾದರೋ ಮಾರುಗಟ್ಟಲೆ ಹೂವು ವೇದಿಕೆಗೆ, ಕಮಾನಿಗೆ, ಅತಿಥಿಯ ಕೊರಳಿಗೆ ಏರಿ, ಯಾರ ಕಣ್ಣೂ ಅದರ ಮೇಲೆ ನಿಲ್ಲುವ ಮೊದಲೇ ಕಸದ ರಾಶಿ ಸೇರುತ್ತದೆ. ಪ್ರಮಾದ ಹೆಚ್ಚಿರುವುದು ಎಲ್ಲಿ?

ಅಷ್ಟದ್ರವ್ಯಗಳಲ್ಲಿ ಪುಷ್ಪವೂ ಒಂದು. ಕೆಲವು ಸಂಪ್ರದಾಯಗಳು ಹೂವಿನ ಸ್ಥಾನದಲ್ಲಿ ಕೇಸರಿ ಬಣ್ಣದ ಅಕ್ಕಿಯನ್ನು ಅರ್ಪಿಸುತ್ತವೆ. ಕೆಲವು ಹೂವನ್ನೇ ಅರ್ಪಿಸುತ್ತವೆ. ಆ ಭೇದವನ್ನು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಅಕ್ಕಿಯ ಕಾಳು ಭಾವದಿಂದ ಹೂವಾಗಬಲ್ಲದಾದರೆ, ಅಲಂಕಾರದ ಹೂವಿಗೂ ಮಿತಿ ಹಾಕಬಹುದೆಂಬುದಷ್ಟೇ ಇಲ್ಲಿನ ವಿಜ್ಞಾಪನೆ.

ಬಸದಿಯ ಆಡಳಿತ ಮಂಡಳಿಗಳು ಉತ್ಸವಕ್ಕೆ ಮೊದಲೇ ಹೂವಿನ ಪ್ರಮಾಣವನ್ನು ನಿಶ್ಚಯಿಸಲಿ. ಚಿತ್ರ ಕಲಿಯುವ ಮಕ್ಕಳನ್ನು ತಂದೆತಾಯಿಗಳು ಒಂದು ಭಾನುವಾರ ಹರಿಹರದ ತುಂಗಭದ್ರೆಯ ದಡಕ್ಕೆ ಕರೆದೊಯ್ದು, ಗಿಡದಲ್ಲಿರುವ ಹೂವನ್ನು ಗಿಡದಲ್ಲಿಯೇ ಬರೆಯಲು ಹೇಳಲಿ. ಗಾಳಿಗೆ ಅದು ಅಲುಗೀತು, ಬಿಸಿಲು ಸರಿದೀತು, ಕೆಲಸ ಕಷ್ಟವಾದೀತು. ಆ ಕಷ್ಟವನ್ನು ಹೂವಿನ ಮೇಲೆ ಹೊರಿಸದೆ ತಾನೇ ಹೊರುವುದು ಸಂಯಮದ ಒಂದು ಪಾಠವೇ ಸರಿ.